ಟೈಗರ್ ಮಾತ್‌ನ ರೆಕ್ಕೆ ಹಿಂದಕ್ಕೆ ಬಾಗಿರುವುದೇಕೆ?

ನಂದಿನಿ ಲೇಔಟ್‌ನ ಒಂದು ಬಾಡಿಗೆ ಕೋಣೆಯಲ್ಲಿ ಕೂತು ನಾವು ವಿಮಾನ ಕಟ್ಟಿದೆವು. ಹಾರುವುದಲ್ಲ, ನಮ್ಮೂರ ಶಾಲೆಯ ಮೇಜಿನ ಮೇಲೆ ಇಡುವುದು. ಹೆಸರು ಟೈಗರ್ ಮಾತ್. ಒಂದರ ಮೇಲೊಂದು ಜೋಡಿ ರೆಕ್ಕೆಯ ವಿಮಾನ. ಅಸಲಿ ರೆಕ್ಕೆ ತುದಿಯಿಂದ ತುದಿಗೆ 8.94 ಮೀಟರ್. ನಾವು 24ರಲ್ಲಿ ಒಂದು ಪಾಲಿಗೆ ಇಳಿಸಿದ್ದರಿಂದ 37 ಸೆಂಟಿಮೀಟರ್ ಆಯಿತು.

ಇಂಗ್ಲೆಂಡಿನ ಡಿ ಹ್ಯಾವಿಲೆಂಡ್ ಕಂಪನಿಯ ಈ ವಿಮಾನ ಮೊದಲು ಹಾರಿದ್ದು 1931ರ ಅಕ್ಟೋಬರ್ 26ರಂದು. ತಯಾರಾದದ್ದು 8 ಸಾವಿರಕ್ಕೂ ಹೆಚ್ಚು. ಎರಡನೇ ಮಹಾಯುದ್ಧದ ಕಾಲದಲ್ಲಿ ಬೇಗಂಪೇಟೆ, ಜೋಧ್‌ಪುರದ ಶಾಲೆಗಳಲ್ಲಿ ನಮ್ಮ ದೇಶದ ಹುಡುಗರು ಇದರಲ್ಲೇ ಹಾರಲು ಕಲಿತರು.

ಎರಡೆರಡು ರೆಕ್ಕೆ ಯಾಕೆ? ಏಣಿ ನೆನಪಿಸಿಕೊಳ್ಳಿ. ಒಂಟಿ ಗಳ ಬಳುಕುತ್ತದೆ. ಎರಡು ಗಳಕ್ಕೆ ಅಡ್ಡಪಟ್ಟಿ ಬಿಗಿದರೆ ಗಟ್ಟಿ. ಮರದ ಚೌಕಟ್ಟಿಗೆ ಬಟ್ಟೆ ಹೊದಿಸಿದ ರೆಕ್ಕೆಗಳನ್ನು ಹಾಗೆಯೇ ಕಂಬ, ತಂತಿಗಳಿಂದ ಬಿಗಿಯುತ್ತಿದ್ದರು. ಪೆಟ್ರೋಲ್ ಟ್ಯಾಂಕ್ ಮೇಲಿನ ರೆಕ್ಕೆಯ ನಡುವೆ. ಮನೆ ಮೇಲಿನ ನೀರಿನ ಟ್ಯಾಂಕಿನಂತೆ, ಪಂಪಿಲ್ಲದೆ ಎಣ್ಣೆ ತಾನೇ ಕೆಳಗಿಳಿದು ಎಂಜಿನ್ ಸೇರುತ್ತಿತ್ತು.

ಭಾಗಗಳನ್ನು ತ್ರೀಡಿ ಪ್ರಿಂಟರ್‌ನಲ್ಲಿ ತೆಗೆದೆವು. ಅದಕ್ಕೆ ಹಾಕುವ ಪಿಎಲ್‌ಎ ಪ್ಲಾಸ್ಟಿಕ್ ದಾರ ಮೆಕ್ಕೆಜೋಳ, ಕಬ್ಬಿನಂಥ ಬೆಳೆಗಳ ಸಕ್ಕರೆಯಿಂದ ಆಗುವಂಥದ್ದು. ಸಣ್ಣ ಕಂಬಗಳನ್ನು ನಿಲ್ಲಿಸಿ ಪ್ರಿಂಟ್ ಮಾಡಿದಾಗ ಪದರ ಬಿಟ್ಟು ಪಟಪಟನೆ ಮುರಿದವು. ಮಲಗಿಸಿ ಮಾಡಿದಾಗ ನಿಂತವು. ತಂತಿಗೆ ಮೀನಿನ ಗಾಳದ ದಾರ ಕಟ್ಟಿದೆವು.

ಎಡವಿದ್ದು ರೆಕ್ಕೆಯಲ್ಲಿ. ನಾವು ನೇರ ರೆಕ್ಕೆ ಮಾಡಿದ್ದೆವು. ಹಳೆಯ ಫೋಟೊ ಪಕ್ಕದಲ್ಲಿಟ್ಟು ನೋಡಿದರೆ ಅಸಲಿಯ ರೆಕ್ಕೆ ಹಿಂದಕ್ಕೆ ಬಾಗಿದೆ! 'ಮಕ್ಕಳಿಗೇನು ಗೊತ್ತಾಗುತ್ತೆ, ಬಿಡ್ರಪ್ಪ' ಎಂದು ನಮ್ಮಲ್ಲೇ ಒಬ್ಬ ಅಂದ. ಬಿಡುವ ಮುಂಚೆ ಕಾರಣ ಹುಡುಕಿದೆವು.

ಈ ವಿಮಾನದಲ್ಲಿ ಶಿಷ್ಯ ಹಿಂದೆ, ಗುರು ಮುಂದೆ. ಇದಕ್ಕೂ ಹಿಂದಿನ ಮಾತ್ ವಿಮಾನಗಳಲ್ಲಿ ಮೇಲಿನ ರೆಕ್ಕೆ ಸರಿಯಾಗಿ ಗುರುವಿನ ತಲೆಯ ಮೇಲಿತ್ತು. ಅಪಾಯ ಬಂದರೆ ಪ್ಯಾರಾಚೂಟ್ ಕಟ್ಟಿಕೊಂಡು ಹೊರಗೆ ಧುಮುಕುವುದು ಕಷ್ಟ. ಅದಕ್ಕೇ ಆ ರೆಕ್ಕೆಯನ್ನು ಮುಂದಕ್ಕೆ ಸರಿಸಿದರು. ಸರಿಸಿದ ಮೇಲೆ ತೂಕದ ಸಮತೋಲ ತಪ್ಪಿತು. ಅದನ್ನು ಸರಿಮಾಡಲು ರೆಕ್ಕೆಗಳನ್ನು ಹಿಂದಕ್ಕೆ ಬಾಗಿಸಿದರು. ಆ ಬಾಗು ಚೆಂದಕ್ಕಲ್ಲ, ಒಂದು ಜೀವ ಉಳಿಸುವುದಕ್ಕೆ. ಗೊತ್ತಾದ ಮೇಲೆ ನೇರ ರೆಕ್ಕೆ ಕಸದ ಬುಟ್ಟಿ ಸೇರಿತು. ಹೊಸದನ್ನು ಪ್ರಿಂಟ್ ಮಾಡಿದೆವು.

ಟೈಗರ್ ಮಾತ್‌ನ ಜಾಗಕ್ಕೆ ಮುಂದೆ ಬಂದದ್ದು ನಮ್ಮ ಬೆಂಗಳೂರಿನದೇ ವಿಮಾನ. 1940ರಲ್ಲಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ಜತೆಗೂಡಿ ಶುರುಮಾಡಿದ ಹಿಂದೂಸ್ತಾನ್ ಕಾರ್ಖಾನೆಯಲ್ಲಿ ವಿ.ಎಂ. ಘಾಟಗೆ ಅವರ ತಂಡ ಎಚ್‌ಟಿ-2 ರೂಪಿಸಿತು. ಲೋಹದ ಮೈ, ಒಂದೇ ಜೋಡಿ ರೆಕ್ಕೆ. 1951ರ ಆಗಸ್ಟ್‌ನಲ್ಲಿ ಹಾರಿತು.

ಶಾಲೆಗೆ ಮಾದರಿ ಒಯ್ದಾಗ ಒಬ್ಬಳು ಹುಡುಗಿ ಕೇಳಿದ ಮೊದಲ ಪ್ರಶ್ನೆಯೇ, 'ರೆಕ್ಕೆ ಯಾಕಣ್ಣ ಸೊಟ್ಟಗಿದೆ?' ಪುಣ್ಯಕ್ಕೆ ನಮ್ಮ ಹತ್ತಿರ ಉತ್ತರವಿತ್ತು.