ಗುರಿ ಬರೆದಿಡುವ ಪದ್ಧತಿ ಬೆಳೆದು ಬಂದ ಬಗೆ

ಬದುಕಿಗೊಂದು ಗುರಿ ಇರಬೇಕೆಂಬ ಮಾತು ಬಹಳ ಹಳೆಯದು. ಧರ್ಮ, ಅರ್ಥ, ಕಾಮ, ಮೋಕ್ಷಗಳೆಂಬ ನಾಲ್ಕು ಪುರುಷಾರ್ಥಗಳನ್ನು ಭಾರತೀಯ ಪರಂಪರೆ ಎಂದೋ ಗುರುತಿಸಿದೆ. ಪೂಜೆ, ವ್ರತಗಳ ಆರಂಭದಲ್ಲಿ ದೇಶಕಾಲಗಳನ್ನು ಹೆಸರಿಸಿ, ಮಾಡಲಿರುವ ಕರ್ಮವನ್ನೂ ಅದರ ಉದ್ದೇಶವನ್ನೂ ಹೇಳಿಕೊಳ್ಳುವ ಸಂಕಲ್ಪ ಇಂದಿಗೂ ನಡೆದಿದೆ. ಆದರೆ ಉದ್ಯೋಗ, ಹಣ, ಕಲಿಕೆ, ನಡತೆಗಳ ವಿಷಯದಲ್ಲಿ ವ್ಯಕ್ತಿಯೊಬ್ಬ ತನ್ನ ಗುರಿಯನ್ನು ಬರೆದಿಟ್ಟು, ಅದಕ್ಕೊಂದು ಅಳತೆ ಮತ್ತು ಗಡುವು ಗೊತ್ತುಮಾಡಿ, ಆಗಾಗ ತಾಳೆ ನೋಡುವ ಈಗಿನ ಪದ್ಧತಿ ರೂಪುಗೊಂಡದ್ದು ಕಳೆದ ಸುಮಾರು ಮುನ್ನೂರು ವರ್ಷಗಳಲ್ಲಿ. ಗುರಿಯನ್ನು ನಿಶ್ಚಯಿಸುವವರು ಯಾರು, ಮುನ್ನಡೆಯನ್ನು ಅಳೆಯುವುದು ಹೇಗೆ ಎಂಬ ಎರಡು ಪ್ರಶ್ನೆಗಳ ಸುತ್ತ ಅದರ ಇತಿಹಾಸ ಸಾಗಿದೆ.

ಈ ಪದ್ಧತಿಯ ಅತ್ಯಂತ ಪ್ರಸಿದ್ಧ ಆರಂಭಿಕ ಉದಾಹರಣೆ ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ಅವರದು. 1706ರಲ್ಲಿ ಬಾಸ್ಟನ್ನಿನಲ್ಲಿ ಹುಟ್ಟಿ, ಫಿಲಡೆಲ್ಫಿಯಾದಲ್ಲಿ ಮುದ್ರಕರಾಗಿ ನೆಲೆ ಕಂಡುಕೊಂಡ ಅವರು, ಮಿತಾಹಾರ, ಮೌನ, ಅಚ್ಚುಕಟ್ಟು, ಮಿತವ್ಯಯ, ಶ್ರಮ, ವಿನಯ ಮೊದಲಾದ 13 ಗುಣಗಳನ್ನು ರೂಢಿಸಿಕೊಳ್ಳಲು ಯೋಜನೆಯೊಂದನ್ನು ಹಾಕಿಕೊಂಡರು. ಒಂದು ಚಿಕ್ಕ ಪುಸ್ತಕ ಮಾಡಿ, ಪ್ರತಿ ಪುಟದಲ್ಲೂ ಕೆಂಪು ಶಾಯಿಯಿಂದ ವಾರದ ದಿನಗಳಿಗೆ ಏಳು ಕಂಬಸಾಲು, ಗುಣಗಳಿಗೆ 13 ಅಡ್ಡಸಾಲು ಎಳೆದರು. ದಿನದ ಕೊನೆಗೆ ತಪ್ಪು ಕಂಡ ಮನೆಯಲ್ಲಿ ಒಂದು ಕಪ್ಪು ಚುಕ್ಕೆ. ಎಲ್ಲ ಗುಣಗಳ ಬೆನ್ನು ಒಮ್ಮೆಲೇ ಹತ್ತದೆ, ವಾರಕ್ಕೊಂದು ಗುಣಕ್ಕೆ ವಿಶೇಷ ಗಮನ ಕೊಟ್ಟರು. ಹೀಗೆ 13 ವಾರಕ್ಕೆ ಒಂದು ಸುತ್ತು, ವರ್ಷಕ್ಕೆ ನಾಲ್ಕು ಸುತ್ತು. ಅಳಿಸಿ ಅಳಿಸಿ ಕಾಗದ ತೂತುಬಿದ್ದಾಗ ದಂತದ ಹಾಳೆಗಳ ಪುಸ್ತಕಕ್ಕೆ ಬದಲಾಯಿಸಿದರು. ಅದರಲ್ಲಿ ಪೆನ್ಸಿಲ್ಲಿನ ಗುರುತನ್ನು ಒದ್ದೆ ಸ್ಪಂಜಿನಿಂದ ಒರೆಸಬಹುದಿತ್ತು.

ಅವರಿಗೆ ಎಲ್ಲಕ್ಕಿಂತ ಕಷ್ಟವಾದದ್ದು ಅಚ್ಚುಕಟ್ಟು. ಕೂಲಿಗೆ ದುಡಿಯುವ ಮುದ್ರಕ ತನ್ನ ಹೊತ್ತನ್ನು ಹಂಚಿಕೊಳ್ಳಬಲ್ಲ, ಆದರೆ ಅಂಗಡಿಯ ಯಜಮಾನ ಗಿರಾಕಿ ಬಂದ ಹೊತ್ತಿಗೆ ಮಾತಾಡಿಸಲೇಬೇಕು ಎಂದು ಆತ್ಮಕಥೆಯಲ್ಲಿ ವಿವರಿಸಿದ್ದಾರೆ. ಪರಿಪೂರ್ಣತೆ ತಮಗೆ ದಕ್ಕಲಿಲ್ಲ, ಆದರೂ ಈ ಪ್ರಯತ್ನ ಮಾಡದಿದ್ದರೆ ಇರುತ್ತಿದ್ದುದಕ್ಕಿಂತ ತಾವು ಉತ್ತಮರೂ ಸುಖಿಗಳೂ ಆದೆವು ಎಂಬುದು ಅವರ ತೀರ್ಮಾನ. ಇಲ್ಲಿ ಗುರಿ ಇಟ್ಟುಕೊಂಡವರೂ ಅಳೆದವರೂ ಅವರೇ.

19ನೆಯ ಶತಮಾನದಲ್ಲಿ ಈ ವಿಚಾರ ಕಾರ್ಮಿಕರನ್ನು ಮುಟ್ಟಿತು. ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿ ಕೆಲವು ದುಡಿಯುವ ಯುವಕರು ಸಂಜೆ ಹೊತ್ತು ಕಲೆತು ಓದು, ಬರಹ, ಲೆಕ್ಕಗಳನ್ನು ಪರಸ್ಪರ ಕಲಿಸಿಕೊಳ್ಳುತ್ತಿದ್ದರು. ಸಂಖ್ಯೆ ಹೆಚ್ಚಿದಾಗ, ಹಿಂದೆ ಕಾಲರಾ ಆಸ್ಪತ್ರೆಯಾಗಿದ್ದ ಕೋಣೆಯೊಂದನ್ನು ಬಾಡಿಗೆಗೆ ಹಿಡಿದರು. 1845ರಲ್ಲಿ ಅವರಿಗೆ ಲೇಖಕ ಸ್ಯಾಮ್ಯುಯೆಲ್ ಸ್ಮೈಲ್ಸ್ ಕೊಟ್ಟ ಉಪನ್ಯಾಸಗಳಿಂದ ಬೆಳೆದ ಕೃತಿಯೇ 1859ರ ‘ಸೆಲ್ಫ್ ಹೆಲ್ಪ್’. ಬಡತನದಿಂದ ಮೇಲೆ ಬಂದ ಯಂತ್ರಶಿಲ್ಪಿಗಳು, ಸಂಶೋಧಕರು, ಕಲಾವಿದರ ಬದುಕನ್ನು ಮುಂದಿಟ್ಟು, ಹುಟ್ಟಿಗಿಂತ ಛಲ ಮತ್ತು ಶ್ರಮ ದೊಡ್ಡವು ಎಂದು ಅದು ವಾದಿಸಿತು. 1871ರ ಹೊತ್ತಿಗೆ ನಕಾಮುರಾ ಮಸಾನಾವೊ ಮಾಡಿದ ಜಪಾನಿ ಅನುವಾದ ಮೇಯಿಜಿ ಯುಗದ ಯುವಜನರ ಕೈಪಿಡಿಯಂತಾಯಿತು. ಆ ಜಪಾನಿನ ಏಳಿಗೆಯನ್ನು 1898ರಲ್ಲಿ ಕಣ್ಣಾರೆ ಕಂಡವರು ಸರ್ ಎಂ. ವಿಶ್ವೇಶ್ವರಯ್ಯ. ಗುರಿ, ಅಂಕಿಅಂಶ, ಅವಧಿ ಮೂರನ್ನೂ ನಾಡಿನ ಆಡಳಿತಕ್ಕೆ ಅನ್ವಯಿಸಿದ ಅವರು, 1934ರ ‘ಪ್ಲ್ಯಾನ್ಡ್ ಎಕಾನಮಿ ಫಾರ್ ಇಂಡಿಯಾ’ ಪುಸ್ತಕದಲ್ಲಿ ಹತ್ತು ವರ್ಷಗಳಲ್ಲಿ ರಾಷ್ಟ್ರೀಯ ಆದಾಯವನ್ನು ಇಮ್ಮಡಿಗೊಳಿಸುವ ಯೋಜನೆಯನ್ನು ಮಂಡಿಸಿದರು.

ಅಷ್ಟರಲ್ಲಿ ಕಾರ್ಖಾನೆಗಳಲ್ಲಿ ಗುರಿ ನಿಶ್ಚಯಿಸುವ ಅಧಿಕಾರ ದುಡಿಯುವವರ ಕೈತಪ್ಪಿತ್ತು. ದಿನಕ್ಕೆ 12.5 ಟನ್ ಕಬ್ಬಿಣದ ಗಟ್ಟಿಗಳನ್ನು ಹೊರುತ್ತಿದ್ದ ಆಳಿಗೆ 47.5 ಟನ್ ಹೊರುವ ಕೆಲಸ ನಿಗದಿ ಮಾಡಿದ್ದನ್ನು ಅಮೆರಿಕದ ಎಂಜಿನಿಯರ್ ಫ್ರೆಡರಿಕ್ ಟೇಲರ್ 1911ರಲ್ಲಿ ತಮ್ಮ ವಿಧಾನದ ಗೆಲುವೆಂದು ಬರೆದರು. ಅಳತೆ ನಿಖರವಾಯಿತು, ಆದರೆ ಗುರಿ ಮೇಲಿನವರದಾಯಿತು. 1954ರಲ್ಲಿ ಪೀಟರ್ ಡ್ರಕರ್ ‘ದ ಪ್ರಾಕ್ಟೀಸ್ ಆಫ್ ಮ್ಯಾನೇಜ್‌ಮೆಂಟ್’ ಕೃತಿಯಲ್ಲಿ ಇದನ್ನು ತಿದ್ದಲು ಯತ್ನಿಸಿದರು. ಪ್ರತಿಯೊಬ್ಬ ವ್ಯವಸ್ಥಾಪಕ ತನ್ನ ಘಟಕದ ಗುರಿಗಳನ್ನು ತಾನೇ ರೂಪಿಸಬೇಕು, ತನ್ನ ಕೆಲಸವನ್ನು ತಾನೇ ಅಳೆದು ನಿಯಂತ್ರಿಸಿಕೊಳ್ಳಬೇಕು ಎಂಬುದು ಅವರ ವಾದದ ತಿರುಳು.

ಗುರಿಯಿಂದ ನಿಜವಾಗಿ ಪ್ರಯೋಜನವಿದೆಯೇ ಎಂಬುದನ್ನು ವ್ಯವಸ್ಥಿತವಾಗಿ ಪರೀಕ್ಷಿಸಿದವರು ಮನೋವಿಜ್ಞಾನಿಗಳು. ಬ್ರಿಟನ್ನಿನ ಸಿ. ಎ. ಮೇಸ್ 1935ರಲ್ಲೇ ಈ ದಿಕ್ಕಿನಲ್ಲಿ ಪ್ರಯೋಗ ನಡೆಸಿದ್ದರು. 1968ರಲ್ಲಿ ಎಡ್ವಿನ್ ಲಾಕ್ ಪ್ರಕಟಿಸಿದ ಲೇಖನ ಸಿದ್ಧಾಂತಕ್ಕೆ ಬುನಾದಿ ಹಾಕಿತು: ಕೈಲಾದಷ್ಟು ಮಾಡಿ ಎಂಬ ಸೂಚನೆಗಿಂತ, ನಿರ್ದಿಷ್ಟವೂ ತುಸು ಕಠಿಣವೂ ಆದ ಗುರಿ ಹೆಚ್ಚು ಫಲ ಕೊಡುತ್ತದೆ.

ಇದಕ್ಕೆ ಒಳ್ಳೆಯ ಪುರಾವೆ ಸಿಕ್ಕಿದ್ದು ಅಮೆರಿಕದ ಓಕ್ಲಹೋಮಾದ ಕಾಡುಗಳಲ್ಲಿ. ಗ್ಯಾರಿ ಲೇಥಮ್ ಮತ್ತು ಸಹಲೇಖಕರೊಬ್ಬರು 1975ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅಲ್ಲಿನ ಮರದ ದಿಮ್ಮಿಯ ಲಾರಿಗಳು ಕಾನೂನು ಒಪ್ಪುವ ತೂಕದ ಸುಮಾರು ಶೇ. 60ರಷ್ಟನ್ನು ಮಾತ್ರ ಹೇರುತ್ತಿದ್ದವು. ಮರಗಳ ಗಾತ್ರ ಒಂದೇ ಸಮನಿರುವುದಿಲ್ಲ. ಎಷ್ಟು ದಿಮ್ಮಿಗೆ ಎಷ್ಟು ಭಾರವೆಂದು ಕಣ್ಣಂದಾಜಿನಲ್ಲೇ ಹೇಳಬೇಕು. ಚಾಲಕರಿಗೆ ಶೇ. 94ರ ಗುರಿ ಕೊಡಲಾಯಿತು. ಮುಟ್ಟಿದರೆ ಬಹುಮಾನವಿಲ್ಲ, ಮುಟ್ಟದಿದ್ದರೆ ಶಿಕ್ಷೆಯಿಲ್ಲ. ಮೊದಲ ತಿಂಗಳು ಹೇರು ಏರಿತು, ಎರಡನೆಯ ತಿಂಗಳು ಇಳಿಯಿತು. ಶಿಕ್ಷೆಯಿಲ್ಲವೆಂಬ ಮಾತು ನಿಜವೇ ಎಂದು ಚಾಲಕರು ಪರೀಕ್ಷಿಸುತ್ತಿದ್ದರು. ಯಾರ ಮೇಲೂ ಕ್ರಮ ಜರುಗದಿದ್ದಾಗ ಹೇರು ಮತ್ತೆ ಏರಿ, ಶೇ. 90 ದಾಟಿ ನಿಂತಿತು.

ಮುಂದೆ ಈ ಜ್ಞಾನ ಸೂತ್ರಗಳಾಗಿ ಹರಡಿತು. 1981ರಲ್ಲಿ ಜಾರ್ಜ್ ಡೊರಾನ್ ‘ಸ್ಮಾರ್ಟ್’ ಎಂಬ ಐದು ಲಕ್ಷಣಗಳ ಸೂತ್ರವನ್ನು ಪ್ರಕಟಿಸಿದರು: ಗುರಿ ನಿರ್ದಿಷ್ಟವಾಗಿರಬೇಕು, ಅಳೆಯುವಂತಿರಬೇಕು, ಯಾರ ಹೊಣೆಯೆಂದು ಗೊತ್ತಿರಬೇಕು, ಲಭ್ಯ ಸಂಪನ್ಮೂಲದಲ್ಲಿ ಸಾಧ್ಯವಿರಬೇಕು, ಗಡುವು ಇರಬೇಕು. ಇದು ಕಚೇರಿಯ ವ್ಯವಸ್ಥಾಪಕರಿಗಾಗಿ ಬರೆದದ್ದು. ವ್ಯಕ್ತಿಗಳ ಬದುಕಿಗೆ ಅನ್ವಯಿಸುವಾಗ ಹೊಣೆಯ ಅಂಶ ಕಳಚಿಕೊಂಡು, ಗುರಿ ಮುಟ್ಟುವಂತಿರಬೇಕು ಎಂಬುದು ಆ ಜಾಗಕ್ಕೆ ಬಂತು.

ಜನಪ್ರಿಯ ಸಾಹಿತ್ಯವೂ ಜೊತೆಜೊತೆಗೆ ಬೆಳೆಯಿತು. ಆರ್ಥಿಕ ಕುಸಿತದ ದಿನಗಳಲ್ಲಿ, 1937ರಲ್ಲಿ, ನೆಪೋಲಿಯನ್ ಹಿಲ್ ‘ಥಿಂಕ್ ಅಂಡ್ ಗ್ರೋ ರಿಚ್’ ಪುಸ್ತಕದಲ್ಲಿ ಬೇಕಾದ ಹಣವನ್ನೂ ತಾರೀಖನ್ನೂ ಬರೆದು ದಿನಕ್ಕೆರಡು ಬಾರಿ ಗಟ್ಟಿಯಾಗಿ ಓದಿಕೊಳ್ಳಲು ಹೇಳಿದರು. ಕನ್ನಡದಲ್ಲಿ ಸ್ವಾಮಿ ಜಗದಾತ್ಮಾನಂದರ ‘ಬದುಕಲು ಕಲಿಯಿರಿ’ ವ್ಯಕ್ತಿತ್ವ ನಿರ್ಮಾಣದ ವಿಚಾರವನ್ನು ಅಪಾರ ಓದುಗರಿಗೆ ತಲುಪಿಸಿತು.

ಇಂಥ ಬೆಳವಣಿಗೆಯ ನಡುವೆ ಕಟ್ಟುಕಥೆಯೂ ಸೇರಿತು. 1953ರಲ್ಲಿ ಯೇಲ್ ವಿಶ್ವವಿದ್ಯಾಲಯದ ಪದವೀಧರರಲ್ಲಿ ಗುರಿ ಬರೆದಿಟ್ಟಿದ್ದ ಶೇ. 3 ಮಂದಿ, ಇಪ್ಪತ್ತು ವರ್ಷಗಳ ನಂತರ ಉಳಿದವರೆಲ್ಲರ ಒಟ್ಟು ಸಂಪತ್ತನ್ನು ಮೀರಿಸಿದರು ಎಂಬ ಮಾತು ತರಬೇತಿ ಶಿಬಿರಗಳಲ್ಲಿ ಈಗಲೂ ಕೇಳಿಬರುತ್ತದೆ. ಅಂಥ ಅಧ್ಯಯನ ನಡೆದೇ ಇಲ್ಲ.

ಸಂಶೋಧನೆ ಗುರಿಯ ಮಿತಿಗಳನ್ನೂ ತೋರಿಸಿದೆ. ಗುರಿಗೆ ಮನಸ್ಸು ಒಪ್ಪಿರಬೇಕು, ಅದಕ್ಕೆ ಬೇಕಾದ ಸಾಮರ್ಥ್ಯವಿರಬೇಕು, ಮುನ್ನಡೆಯ ಮಾಹಿತಿ ಆಗಾಗ ಸಿಗುತ್ತಿರಬೇಕು. ಕೆಲಸ ಹೊಸದಾಗಿದ್ದರೆ ಫಲಿತಾಂಶಕ್ಕಿಂತ ಕಲಿಕೆಯನ್ನೇ ಗುರಿಯಾಗಿಸುವುದು ಲೇಸು. ಅಂಕಿಯ ಒತ್ತಡ ವಿಪರೀತವಾದರೆ ಜನ ಅಡ್ಡದಾರಿ ಹಿಡಿಯುವ ಅಪಾಯವಿದೆ ಎಂದು 2009ರಲ್ಲಿ ಅಮೆರಿಕದ ನಾಲ್ವರು ವಿದ್ವಾಂಸರು ಎಚ್ಚರಿಸಿದರು. ಇನ್ನೊಂದೆಡೆ, ಯಾವ ಸಂದರ್ಭದಲ್ಲಿ ಏನು ಮಾಡುತ್ತೇನೆಂದು ಮೊದಲೇ ನಿಶ್ಚಯಿಸಿಕೊಂಡವರು ಗುರಿ ಮುಟ್ಟುವ ಸಂಭವ ಹೆಚ್ಚೆಂದು ಮನೋವಿಜ್ಞಾನಿ ಪೀಟರ್ ಗಾಲ್ವಿಟ್ಸರ್ 1999ರ ಲೇಖನದಲ್ಲಿ ತೋರಿಸಿಕೊಟ್ಟಿದ್ದಾರೆ.

ಬರೆದಿಟ್ಟ ಮಾತ್ರಕ್ಕೆ ಗುರಿ ಕೈಗೂಡುತ್ತದೆ ಎಂಬುದಕ್ಕೆ ಈ ಇತಿಹಾಸದಲ್ಲಿ ಆಧಾರವಿಲ್ಲ. ತನ್ನದೆಂದು ಒಪ್ಪಿಕೊಂಡ, ಅಳತೆಗೆ ಸಿಗುವ, ಕ್ರಮವಾಗಿ ತಾಳೆ ನೋಡಿ ತಿದ್ದಿಕೊಳ್ಳುವ ಗುರಿಯೇ ಫಲ ಕೊಟ್ಟಿದೆ. ಉದ್ಯೋಗಕ್ಕಾಗಲಿ ಬದುಕಿಗಾಗಲಿ ಗುರಿ ಇಟ್ಟುಕೊಳ್ಳುವವರು ಅದನ್ನು ಬರೆಯುವ ದಿನವೇ, ತಾಳೆ ನೋಡುವ ದಿನಗಳನ್ನೂ ಗೊತ್ತುಮಾಡಿಕೊಳ್ಳಬೇಕು.