ಕಂಪ್ಯೂಟರಿನೊಳಗಿನ ಡ್ರಮ್ಸ್: ಹೊಸ ಆವೃತ್ತಿಗೆ ಹಣ ಕಟ್ಟುವ ಮುನ್ನ ತಿಳಿದಿರಬೇಕಾದದ್ದು

ಕನ್ನಡ ಮಾಧ್ಯಮ ಶಾಲೆಗಳ ಮಕ್ಕಳು ಇಂದು ಹಾಡುವುದರಲ್ಲಿಯೇ ನಿಲ್ಲುತ್ತಿಲ್ಲ. ಮನೆಯ ಕಂಪ್ಯೂಟರಿನಲ್ಲಿ ಧ್ವನಿಮುದ್ರಿಸಿ, ತಾಳವಾದ್ಯ ಕೂಡಿಸಿ, ವಾರ್ಷಿಕೋತ್ಸವದ ನೃತ್ಯಕ್ಕೆ ಬೇಕಾದ ಹಿನ್ನೆಲೆ ಸಂಗೀತವನ್ನು ತಾವೇ ಸಿದ್ಧಪಡಿಸುವವರೂ ಇದ್ದಾರೆ. ಅಂಥ ಮನೆಗಳಲ್ಲಿ ಒಂದಲ್ಲ ಒಂದು ದಿನ ಪ್ರಶ್ನೆಯೊಂದು ಏಳುತ್ತದೆ: ಬಳಸುತ್ತಿರುವ ಡ್ರಮ್ಸ್ ತಂತ್ರಾಂಶದ ಹೊಸ ಆವೃತ್ತಿ ಬಂದಿದೆ, ಹಣ ತೆತ್ತು ಅದಕ್ಕೆ ಏರಬೇಕೆ, ಬೇಡವೆ? ಕೈಪಿಡಿಗಳು ಇಂಗ್ಲಿಷಿನಲ್ಲಿರುವುದರಿಂದ ಹೆತ್ತವರು ಮಗುವಿನ ಆಸೆಯನ್ನೋ ಜಾಹೀರಾತಿನ ಮಾತನ್ನೋ ನಂಬಿ ತೀರ್ಮಾನಿಸಬೇಕಾಗುತ್ತದೆ. ಆದುದರಿಂದ ಈ ವಿಷಯವನ್ನು ಕನ್ನಡದಲ್ಲಿ ಒಂದೆಡೆ ಬಿಡಿಸಿ ಹೇಳುವುದು ಅಗತ್ಯವೆಂದು ನಾವು ಭಾವಿಸಿದ್ದೇವೆ.

ತಂತ್ರಾಂಶದ ಒಳಗೆ ಏನಿದೆ

ಇಂಥ ತಂತ್ರಾಂಶದಲ್ಲಿ ಎರಡು ಭಾಗಗಳಿವೆ. ಒಂದು ನಾದಸಂಗ್ರಹ, ಇನ್ನೊಂದು ಅದನ್ನು ನುಡಿಸುವ ಯಂತ್ರ. ನಾದಸಂಗ್ರಹಕ್ಕಾಗಿ ನುರಿತ ವಾದಕರು ಸ್ಟುಡಿಯೋದಲ್ಲಿ ಕುಳಿತು ಒಂದೊಂದು ಡ್ರಮ್ಮನ್ನೂ ಅತಿ ಮೆಲ್ಲನೆಯ ಪೆಟ್ಟಿನಿಂದ ಅತಿ ಜೋರಿನವರೆಗೆ ಹಂತಹಂತವಾಗಿ ಬಾರಿಸುತ್ತಾರೆ. ಒಂದೇ ಹಂತವನ್ನು ಹಲವು ಬಾರಿ ಮುದ್ರಿಸಿಕೊಳ್ಳುವುದೂ ಉಂಟು, ಏಕೆಂದರೆ ಮನುಷ್ಯನ ಕೈಯಿಂದ ಎರಡು ಪೆಟ್ಟುಗಳು ಎಂದೂ ಒಂದೇ ರೀತಿ ಬೀಳುವುದಿಲ್ಲ. ಪ್ರತಿ ಪೆಟ್ಟನ್ನೂ ಹತ್ತಿರದ ಮೈಕು, ಮೇಲಿನ ಮೈಕು, ಕೊಠಡಿಯ ಮೈಕು ಎಂದು ಅನೇಕ ಕಡೆಗಳಿಂದ ಹಿಡಿದಿಡಲಾಗುತ್ತದೆ.

ಇದರಿಂದ ಕಡತ ಎಷ್ಟು ಬೆಳೆಯುತ್ತದೆಂಬುದನ್ನು ಮಕ್ಕಳೇ ಲೆಕ್ಕ ಹಾಕಬಹುದು. ಸೆಕೆಂಡಿಗೆ 44,100 ಮಾದರಿಗಳು, ಒಂದೊಂದಕ್ಕೆ 24 ಬಿಟ್ ಅಂದರೆ 3 ಬೈಟ್. ಹೀಗೆ ಒಂದು ಮೈಕಿನ ಒಂದು ಸೆಕೆಂಡಿಗೆ 1,32,300 ಬೈಟ್. ನಾಲ್ಕು ಸೆಕೆಂಡಿನ ನಾದವನ್ನು ಹತ್ತು ಮೈಕುಗಳಲ್ಲಿ ಹಿಡಿದರೆ ಒಂದೇ ಪೆಟ್ಟಿಗೆ ಸುಮಾರು 53 ಲಕ್ಷ ಬೈಟ್. ಇಪ್ಪತ್ತು ಹಂತ, ಹಂತಕ್ಕೆ ಐದು ಪೆಟ್ಟು ಎಂದಿಟ್ಟುಕೊಂಡರೆ ಒಂದು ಸ್ನೇರ್ ಡ್ರಮ್ಮಿಗೇ ಅರ್ಧ ಜಿ.ಬಿ. ದಾಟಿತು. ಸಂಕುಚನವಿಲ್ಲದ ಲೆಕ್ಕವಿದು, ಆದರೂ ದೊಡ್ಡ ಸಂಗ್ರಹಗಳು ಹಳೆಯ ಲ್ಯಾಪ್‌ಟಾಪಿನಲ್ಲಿ ಏಕೆ ಹಿಡಿಸುವುದಿಲ್ಲವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ನುಡಿಸುವ ಯಂತ್ರಕ್ಕೆ ಆಜ್ಞೆ ಬರುವುದು ಮಿಡಿ ಎಂಬ ಭಾಷೆಯಲ್ಲಿ. 1983ರಲ್ಲಿ ಬಳಕೆಗೆ ಬಂದ ಈ ಭಾಷೆಯಲ್ಲಿ ನಾದವೇ ಇಲ್ಲ. ಯಾವ ವಾದ್ಯ, ಯಾವಾಗ, ಎಷ್ಟು ಜೋರು ಎಂಬ ಸಂಖ್ಯೆಗಳು ಮಾತ್ರ ಇವೆ. ಜೋರಿನ ಅಳತೆ 1ರಿಂದ 127. 1991ರ ಜನರಲ್ ಮಿಡಿ ಒಪ್ಪಂದದ ಪ್ರಕಾರ 36 ಬಾಸ್ ಡ್ರಮ್, 38 ಸ್ನೇರ್, 42 ಮುಚ್ಚಿದ ಹೈಹ್ಯಾಟ್. ಮುಂದಿನ ನಿರ್ಧಾರಕ್ಕೆ ಈ ಬೇರ್ಪಡೆ ಬಹಳ ಮುಖ್ಯ. ಮಗು ರಚಿಸಿದ ತಾಳ ಮಿಡಿಯಲ್ಲಿದೆ. ಕಂಪನಿ ಮಾರುವುದು ನಾದವನ್ನು ಮತ್ತು ಯಂತ್ರವನ್ನು.

ಹೊಸತು ಎಂದರೆ ಏನು ಹೊಸತು

ಸ್ವೀಡನ್ನಿನ ಊಮಿಯೋ ನಗರದ ಟೂನ್‌ಟ್ರ್ಯಾಕ್ ಕಂಪನಿಯ ತಂತ್ರಾಂಶಗಳನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಅದರ ಈಝೀಡ್ರಮ್ಮರ್ 2 ಬಂದದ್ದು 2014ರಲ್ಲಿ, ಮೂರನೆಯ ಆವೃತ್ತಿ 2022ರಲ್ಲಿ. ಎರಡನೆಯದರ ನಾದಸಂಗ್ರಹ ಲಂಡನ್ನಿನ ಬ್ರಿಟಿಷ್ ಗ್ರೋವ್ ಸ್ಟುಡಿಯೋದ್ದು. ಮೂರನೆಯದು ಬರ್ಲಿನ್ನಿನ ಹಾನ್ಸಾ ಸ್ಟುಡಿಯೋದ್ದು. ಇವೆರಡೂ ಹೆಸರಾಂತ ಸ್ಟುಡಿಯೋಗಳೇ. ಶಾಲಾ ಸಭಾಂಗಣದ ಧ್ವನಿವರ್ಧಕದಲ್ಲಿ ಕೇಳುವ ಪ್ರೇಕ್ಷಕರಿಗೆ ಇವೆರಡರ ನಡುವಣ ಅಂತರ ತಿಳಿದೀತೆಂದು ನಮಗನಿಸುವುದಿಲ್ಲ.

ನಿಜವಾದ ವ್ಯತ್ಯಾಸವಿರುವುದು ಯಂತ್ರದಲ್ಲಿ. ಮೂರನೆಯ ಆವೃತ್ತಿಯಲ್ಲಿ ಒಂದೊಂದು ಪೆಟ್ಟನ್ನೂ ತಂತ್ರಾಂಶದೊಳಗೇ ಚೌಕಗಳ ಮೇಲೆ ಬರೆದು ತಿದ್ದಬಹುದು. ಗಿಟಾರ್ ಅಥವಾ ಕೀಬೋರ್ಡಿನ ಮುದ್ರಣ ಕೊಟ್ಟರೆ ಅದಕ್ಕೆ ಹೊಂದುವ ತಾಳಗಳನ್ನು ತಾನೇ ಸೂಚಿಸುವ ಬ್ಯಾಂಡ್‌ಮೇಟ್ ಎಂಬ ಸೌಲಭ್ಯವೂ ಇದೆ. ಅದೇ ಕಂಪನಿಯ 2017ರ ಸುಪೀರಿಯರ್ ಡ್ರಮ್ಮರ್ 3 ಬೇರೆಯೇ ಅಂತಸ್ತಿನದು. ಬೆಲ್ಜಿಯಮ್ಮಿನ ಗ್ಯಾಲಕ್ಸಿ ಸ್ಟುಡಿಯೋದಲ್ಲಿ ಜಾರ್ಜ್ ಮ್ಯಾಸೆನ್‌ಬರ್ಗ್ ಮುದ್ರಿಸಿದ ಅದರ ಸಂಗ್ರಹ ಸುಮಾರು 230 ಜಿ.ಬಿ. ಭಾಗಭಾಗವಾಗಿ ಅಳವಡಿಸುವ ಅವಕಾಶವಿದ್ದರೂ, ಪ್ರತಿ ಮೈಕನ್ನೂ ಬೇರೆಬೇರೆಯಾಗಿ ಮಿಶ್ರಣ ಮಾಡಬಲ್ಲವರಿಗಾಗಿ ರೂಪಿಸಿದ ಉಪಕರಣವದು. ಹೈಸ್ಕೂಲು ವಿದ್ಯಾರ್ಥಿಗೆ ಅದರ ಅಗತ್ಯ ಸಾಮಾನ್ಯವಾಗಿ ಬೀಳದು.

ಕೊರತೆ ಎಲ್ಲಿದೆಯೆಂದು ಮೊದಲು ಕಂಡುಕೊಳ್ಳಬೇಕು. “ಡ್ರಮ್ಸ್ ಯಂತ್ರದಂತೆ ಕೇಳುತ್ತದೆ” ಎಂಬುದು ಸಾಮಾನ್ಯ ದೂರು. ಕಡತ ತೆರೆದು ನೋಡಿದರೆ ಬಹುತೇಕ ಎಲ್ಲ ಪೆಟ್ಟುಗಳೂ ಒಂದೇ ಜೋರಿನಲ್ಲಿ, 127ರಲ್ಲೋ 100ರಲ್ಲೋ ಬರೆಯಲ್ಪಟ್ಟಿರುತ್ತವೆ. ಆಗ ತಂತ್ರಾಂಶ ಒಂದೇ ಹಂತದ ನಾದವನ್ನು ಮತ್ತೆ ಮತ್ತೆ ನುಡಿಸುತ್ತದೆ. ಉಳಿದ ಹಂತಗಳು ಡಿಸ್ಕಿನಲ್ಲಿ ನಿದ್ರಿಸುತ್ತವೆ. ಹೈಹ್ಯಾಟಿನ ಪೆಟ್ಟುಗಳನ್ನು ಒಮ್ಮೆ 90, ಒಮ್ಮೆ 60 ಎಂದು ಏರಿಳಿಸಿ, ಕೆಲವನ್ನು ಗೆರೆಯಿಂದ ತುಸು ಆಚೀಚೆ ಸರಿಸಿದರೆ ಹಳೆಯ ಆವೃತ್ತಿಯೇ ಉಸಿರಾಡತೊಡಗುತ್ತದೆ. ಅರ್ಧ ಗಂಟೆಯ ಈ ಅಭ್ಯಾಸವನ್ನು ಮಾಡದೆ ಹಣ ಕಟ್ಟಿದರೆ ಹೊಸ ಆವೃತ್ತಿಯೂ ಯಂತ್ರದಂತೆಯೇ ಕೇಳುತ್ತದೆ.

ಇನ್ನೊಂದು ದೂರು ಕೀಲಿ ಒತ್ತಿದ ಮೇಲೆ ತಡವಾಗಿ ನಾದ ಬರುವುದು. ಇದು ತಂತ್ರಾಂಶದ ವಯಸ್ಸಿಗೆ ಸಂಬಂಧಿಸಿದ್ದಲ್ಲ. ಧ್ವನಿ ವ್ಯವಸ್ಥೆಯಲ್ಲಿ ಬಫರ್ 1024 ಮಾದರಿ ಎಂದಿದ್ದರೆ ಅದರಿಂದಲೇ ಸುಮಾರು 23 ಮಿಲಿಸೆಕೆಂಡ್ ವಿಳಂಬ. 256ಕ್ಕೆ ಇಳಿಸಿದರೆ ಸುಮಾರು 6. ಕಂಪ್ಯೂಟರಿನ ಶಕ್ತಿ ಸಾಲದಿದ್ದರೆ ಅಲ್ಲಿ ಚಟಪಟ ಸದ್ದು ಬರುತ್ತದೆ; ಆಗ ಖರ್ಚು ಮಾಡಬೇಕಾದದ್ದು ಸ್ಮೃತಿಗೋ ಎಸ್.ಎಸ್.ಡಿ. ಡಿಸ್ಕಿಗೋ ಹೊರತು ಹೊಸ ಡ್ರಮ್ಸಿಗಲ್ಲ.

ಹಾಗೆಂದು ಏರಲೇಬಾರದೆಂದು ನಾವು ಹೇಳುತ್ತಿಲ್ಲ. ಕಂಪ್ಯೂಟರ್ ಬದಲಾದಾಗ ಹಳೆಯ ಆವೃತ್ತಿ ತೆರೆಯದೆ ಹೋಗಬಹುದು. ತಂತ್ರಾಂಶಗಳನ್ನು ಧ್ವನಿಮುದ್ರಣ ವೇದಿಕೆಗೆ ಜೋಡಿಸುವ ವಿ.ಎಸ್.ಟಿ. 2 ಎಂಬ ಹಳೆಯ ಪದ್ಧತಿಗೆ ತನ್ನ ಉತ್ಪನ್ನಗಳಲ್ಲಿ ಬೆಂಬಲ ನಿಲ್ಲಿಸುವುದಾಗಿ ಅದನ್ನು ರೂಪಿಸಿದ ಸ್ಟೈನ್‌ಬರ್ಗ್ ಕಂಪನಿಯೇ 2022ರಲ್ಲಿ ಪ್ರಕಟಿಸಿತು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಇಂಥ ಕಾರಣದಿಂದ ಕೆಲಸವೇ ನಿಂತುಹೋದರೆ ಹಣ ಕೊಡುವುದು ನ್ಯಾಯ. ಹಾಗೆಯೇ, ತಾಳ ಬರೆಯುವುದರಲ್ಲಿ ನಿಜಕ್ಕೂ ಆಸಕ್ತಿ ಹುಟ್ಟಿದ ಮಗುವಿಗೆ ಪೆಟ್ಟು ತಿದ್ದುವ ಸೌಲಭ್ಯ ಪ್ರತಿದಿನ ಒದಗುತ್ತದೆ. ಎರಡನೆಯ ಆವೃತ್ತಿಯಿದ್ದ ಮನೆಯವರು ಅದನ್ನು ಅಳಿಸದೆ ಮೂರನೆಯದರ ಜೊತೆಗೇ ಇರಿಸಿಕೊಳ್ಳುವುದು ಲೇಸು.

ಏನನ್ನೂ ಕೊಳ್ಳದವರಿಗೂ ದಾರಿಯಿದೆ. ಎಂ.ಟಿ. ಪವರ್ ಡ್ರಮ್ ಕಿಟ್ 2 ಉಚಿತ. ಹೈಡ್ರೋಜನ್ ಎಂಬುದು ಮುಕ್ತ ತಂತ್ರಾಂಶ, ಲಿನಕ್ಸಿನಲ್ಲಿಯೂ ನಡೆಯುತ್ತದೆ. ಕದ್ದ ಪ್ರತಿಗಳ ಗೋಜಿಗೆ ಯಾರೂ ಹೋಗಬೇಕಿಲ್ಲ.

ನಮ್ಮ ತಾಳ, ನಮ್ಮ ಹಾಡು

ಈ ಸಂಗ್ರಹಗಳೊಂದಿಗೆ ಬರುವ ಸಿದ್ಧ ತಾಳಗಳು ಬಹುಪಾಲು ನಾಲ್ಕು ಎಣಿಕೆಯವು. ಮೂರು, ಎರಡು, ಎರಡು ಎಂದು ಸಾಗುವ ಮಿಶ್ರ ಛಾಪಿನ ಭಾವಗೀತೆಯನ್ನು ಅವುಗಳ ಮೇಲೆ ಕೂರಿಸಲು ಹೊರಟರೆ ಹಾಡೇ ಮುರಿಯುತ್ತದೆ. ಹೊಸ ಆವೃತ್ತಿಯಲ್ಲಿ ತಾಳಗಳ ಸಂಖ್ಯೆ ಹೆಚ್ಚಿದೆಯೆಂಬ ಮಾತಿಗೆ ಮಾರುಹೋಗುವ ಮುನ್ನ ನಮ್ಮ ಹಾಡಿಗೆ ಹೊಂದುವವು ಅವುಗಳಲ್ಲಿ ಎಷ್ಟೆಂದು ನೋಡಬೇಕು. ಏಳು ಎಣಿಕೆಯನ್ನು ಕೈಯಿಂದಲೇ ಬರೆಯಬೇಕಾಗುತ್ತದೆ, ಮತ್ತು ಅದನ್ನು ಬರೆಯಬಲ್ಲ ಮಗುವಿಗೆ ಸಂಗೀತ ಪಾಠವೂ ಗಣಿತ ಪಾಠವೂ ಒಟ್ಟಿಗೇ ಆಗುತ್ತದೆ.

ತಬಲಾ, ಮೃದಂಗ, ಢೋಲಕ್ ಬೇಕೆನ್ನುವವರಿಗೆ ಸ್ವರ್‌ಪ್ಲಗ್‌ನಂಥ ಬೇರೆ ಸಂಗ್ರಹಗಳಿವೆ. ತೆಂಕುತಿಟ್ಟಿನ ಚೆಂಡೆಯೋ ಊರಿನ ಹಲಗೆಯೋ ಬೇಕಿದ್ದರೆ ಡ್ರಮ್ಸಿನ ಆವೃತ್ತಿ ಏರಿಸಿ ಫಲವಿಲ್ಲ. ವಾದಕರೊಬ್ಬರನ್ನು ಶಾಲೆಗೆ ಕರೆದು, ಮೆಲು, ಮಧ್ಯಮ, ಜೋರು ಪೆಟ್ಟುಗಳನ್ನು ಮುದ್ರಿಸಿಕೊಂಡು, ಡಿಸೆಂಟ್ ಸ್ಯಾಂಪ್ಲರ್‌ನಂಥ ಉಚಿತ ಸಾಧನದಲ್ಲಿ ಜೋಡಿಸಬಹುದು. ವಾದಕರಿಗೆ ಗೌರವಧನ ಕೊಡುವುದನ್ನು ಮರೆಯಬಾರದು. ಉಳಿಸಿದ ಉನ್ನತೀಕರಣದ ಹಣಕ್ಕೆ ಇದಕ್ಕಿಂತ ಒಳ್ಳೆಯ ವಿನಿಯೋಗ ನಮಗೆ ತೋಚುವುದಿಲ್ಲ.

ಏರುವವರೂ ಏರದವರೂ ತಪ್ಪದೆ ಮಾಡಬೇಕಾದ ಕೆಲಸವೊಂದಿದೆ. ಗಡಿನಾಡಿನ ಶಾಲೆಗಳಲ್ಲಿ ಮಕ್ಕಳು ಮಾಡಿದ ಕನ್ನಡ ಹಾಡುಗಳು ಆ ಶಾಲೆಗಳ ದಾಖಲೆಯೂ ಹೌದು. ಅಧ್ಯಾಪಕರು ವರ್ಗವಾಗಿ, ಕಂಪ್ಯೂಟರ್ ಬದಲಾದಾಗ ತಂತ್ರಾಂಶವಿಲ್ಲದೆ ಯೋಜನಾ ಕಡತ ತೆರೆಯದು. ಆದ್ದರಿಂದ ಪ್ರತಿ ಹಾಡಿನ ತಾಳವನ್ನು ಮಿಡಿ ಕಡತವಾಗಿಯೂ, ಡ್ರಮ್ಸ್, ದನಿ, ವಾದ್ಯಗಳನ್ನು ಬೇರೆಬೇರೆ ವೇವ್ ಕಡತಗಳಾಗಿಯೂ ಹೊರತೆಗೆದು, ಎಲ್ಲವೂ ಹಾಡಿನ ಆದಿಯಿಂದಲೇ ಆರಂಭವಾಗುವಂತೆ ಉಳಿಸಬೇಕು. ಜೊತೆಗೊಂದು ಪಠ್ಯ ಕಡತದಲ್ಲಿ ಹಾಡಿನ ಹೆಸರು, ವೇಗ, ಎಣಿಕೆ, ವರ್ಷ ಮತ್ತು ಹಾಡಿದ ತರಗತಿಯನ್ನು ಕನ್ನಡದಲ್ಲಿ ಬರೆದಿಟ್ಟು, ಒಂದು ಪ್ರತಿಯನ್ನು ಶಾಲೆಯಲ್ಲಿಯೂ ಇನ್ನೊಂದನ್ನು ಮನೆಯಲ್ಲಿಯೂ ಇರಿಸಬೇಕು.