ವಿದ್ಯುತ್ ಮೋಟಾರುಗಳ ವೇಗ ನಿಯಂತ್ರಣ

ಮನೆ, ಹೊಲ, ಕಾರ್ಖಾನೆಗಳಿಗೆ ಬರುವ ಪರ್ಯಾಯ ವಿದ್ಯುತ್ತಿನಿಂದ ನಡೆಯುವ ಮೋಟಾರುಗಳ ವೇಗವನ್ನು ಬೇಕಾದಂತೆ ಏರಿಳಿಸುವ ವಿಧಾನಗಳು. ಎಲ್ಲಕ್ಕೂ ಒಪ್ಪುವ ಒಂದೇ ರೆಗ್ಯುಲೇಟರ್ ಇಲ್ಲ. ಮೋಟಾರು ಯಾವ ಬಗೆಯದು, ಅದು ತಿರುಗಿಸುವ ಹೊರೆ ಎಂಥದು ಎಂಬೆರಡನ್ನೂ ನೋಡಿಯೇ ವಿಧಾನವನ್ನು ಆರಿಸಬೇಕು.

ಮಿಕ್ಸಿ, ಕೈಡ್ರಿಲ್‌ಗಳಲ್ಲಿರುವುದು ಕಾರ್ಬನ್ ಬ್ರಷ್‌ಗಳ ಯೂನಿವರ್ಸಲ್ ಮೋಟಾರು. ವೋಲ್ಟೇಜ್ ತಗ್ಗಿಸಿದರೆ ಇದರ ವೇಗವೂ ತಗ್ಗುತ್ತದೆ. ಡ್ರಿಲ್ಲಿನ ಸ್ವಿಚ್ಚಿನೊಳಗಿನ ಟ್ರಯಾಕ್ ವಿದ್ಯುತ್ತಿನ ಪ್ರತಿ ಅರ್ಧ ಅಲೆಯ ಒಂದು ಪಾಲನ್ನು ತಡೆದು ಈ ಕೆಲಸ ಮಾಡುತ್ತದೆ.

ಇಂಡಕ್ಷನ್ ಮೋಟಾರಿನ ರೀತಿಯೇ ಬೇರೆ. ಅದರ ಕಾಂತಕ್ಷೇತ್ರ ಸುತ್ತುವ ವೇಗವನ್ನು ಆವರ್ತನ ಮತ್ತು ಧ್ರುವಗಳ ಸಂಖ್ಯೆ ನಿರ್ಧರಿಸುತ್ತವೆ: ಆವರ್ತನವನ್ನು 120ರಿಂದ ಗುಣಿಸಿ ಧ್ರುವಗಳಿಂದ ಭಾಗಿಸಬೇಕು. ಭಾರತದ 50 ಹರ್ಟ್ಸ್ ವಿದ್ಯುತ್ತಿನಲ್ಲಿ 4 ಧ್ರುವಗಳಿದ್ದರೆ ನಿಮಿಷಕ್ಕೆ 1500 ಸುತ್ತು. ಹೊರೆ ಹೊತ್ತ ರೋಟರ್ ಸ್ವಲ್ಪ ಹಿಂದೆ ಬಿದ್ದು ಸುಮಾರು 1440 ಸುತ್ತು ಹಾಕುತ್ತದೆ. ಈ ಅಂತರವೇ ಸ್ಲಿಪ್. ವೋಲ್ಟೇಜ್ ಇಳಿಸಿದರೆ ವೇಗಕ್ಕಿಂತ ಹೆಚ್ಚಾಗಿ ತಿರುಗುಬಲ ಕುಸಿಯುತ್ತದೆ, ಮೋಟಾರು ಹೆಚ್ಚು ಕರೆಂಟು ಎಳೆದು ಕಾಯುತ್ತದೆ. ಸೆಂಟ್ರಿಫ್ಯೂಗಲ್ ಸ್ವಿಚ್ ಇರುವ ಸಿಂಗಲ್ ಫೇಸ್ ಪಂಪಿಗಂತೂ ಫ್ಯಾನಿನ ರೆಗ್ಯುಲೇಟರ್ ಜೋಡಿಸಲೇಬಾರದು: ವೇಗ ತೀರ ಇಳಿದಾಗ ಆ ಸ್ವಿಚ್ ಮತ್ತೆ ಕೂಡಿಕೊಂಡು ಸ್ಟಾರ್ಟಿಂಗ್ ವೈಂಡಿಂಗ್ ಸುಟ್ಟುಹೋಗಬಹುದು.

ಸೀಲಿಂಗ್ ಫ್ಯಾನೂ ಇಂಡಕ್ಷನ್ ಮೋಟಾರೇ. ಆದರೆ ವೇಗ ಇಳಿದಂತೆ ರೆಕ್ಕೆಗಳ ಮೇಲಿನ ಗಾಳಿಯ ತಡೆ ವೇಗದ ವರ್ಗದ ಪ್ರಮಾಣದಲ್ಲಿ ತಗ್ಗುವುದರಿಂದ ಅದು ವೋಲ್ಟೇಜಿಗೆ ಮಣಿಯುತ್ತದೆ. ಹಳೆಯ ದಪ್ಪ ರೆಗ್ಯುಲೇಟರಿನಲ್ಲಿ ರೆಸಿಸ್ಟರ್ ಕಾದು ವಿದ್ಯುತ್ ವ್ಯರ್ಥವಾಗುತ್ತಿತ್ತು. ಟ್ರಯಾಕ್ ಬಗೆಯದು ಕಾಯುವುದು ಕಡಿಮೆ, ಆದರೆ ಫ್ಯಾನು ಗುಂಯ್‌ಗುಡುತ್ತದೆ. ಕೆಪಾಸಿಟರ್ ರೆಗ್ಯುಲೇಟರಿನಲ್ಲಿ ಈ ಎರಡು ತೊಂದರೆಯೂ ಅತ್ಯಲ್ಪ.

ಮೂರು ಫೇಸಿನ ಮೋಟಾರಿಗೆ ಇಂದು ಅತ್ಯುತ್ತಮ ಸಾಧನ ವೇರಿಯಬಲ್ ಫ್ರೀಕ್ವೆನ್ಸಿ ಡ್ರೈವ್, ಅಂದರೆ ವಿಎಫ್‌ಡಿ. ಇದು ವಿದ್ಯುತ್ತನ್ನು ಮೊದಲು ನೇರ ಪ್ರವಾಹವಾಗಿಸಿ, ಬೇಕಾದ ಆವರ್ತನದ ಪರ್ಯಾಯ ಪ್ರವಾಹವನ್ನು ಮರಳಿ ರೂಪಿಸುತ್ತದೆ. ಆವರ್ತನದೊಂದಿಗೆ ವೋಲ್ಟೇಜನ್ನೂ ಇಳಿಸದಿದ್ದರೆ ಕಬ್ಬಿಣದ ತಿರುಳು ಕಾಂತೀಯವಾಗಿ ತುಂಬಿಹೋಗಿ ಕರೆಂಟು ವಿಪರೀತ ಏರುತ್ತದೆ. ಬ್ಲೋವರಿನ ವೇಗವನ್ನು ಶೇ. 80ಕ್ಕೆ ತಂದರೆ ಬೇಕಾಗುವ ಶಕ್ತಿ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಆಳದ ಕೊಳವೆಬಾವಿಯಲ್ಲಿ ಇಷ್ಟು ಉಳಿತಾಯವಾಗದು. ಅಲ್ಲಿ ಶಕ್ತಿಯ ದೊಡ್ಡ ಪಾಲು ನೀರನ್ನು ಮೇಲೆತ್ತುವುದಕ್ಕೇ ಬೇಕು, ವೇಗ ಒಂದು ಮಿತಿಗಿಂತ ಇಳಿದರೆ ನೀರು ಮೇಲೇರುವುದೇ ಇಲ್ಲ. ಮೋಟಾರನ್ನು ತಂಪಾಗಿಡುವ ಫ್ಯಾನು ಅದರ ಶಾಫ್ಟಿನ ಮೇಲೆಯೇ ಇದ್ದರೆ, ದೀರ್ಘಕಾಲ ನಿಧಾನವಾಗಿ ಓಡಿಸುವಾಗ ಪ್ರತ್ಯೇಕ ಗಾಳಿಯ ವ್ಯವಸ್ಥೆ ಬೇಕಾಗುತ್ತದೆ.

ಬಿಎಲ್‌ಡಿಸಿ (ಬ್ರಷ್ ಇಲ್ಲದ ನೇರ ಪ್ರವಾಹದ ಮೋಟಾರಿನ) ಫ್ಯಾನುಗಳಲ್ಲಿ ನಿಯಂತ್ರಣದ ಎಲೆಕ್ಟ್ರಾನಿಕ್ ಮಂಡಲ ಒಳಗೇ ಇರುತ್ತದೆ. ಸಾಮಾನ್ಯ ಫ್ಯಾನು ಸುಮಾರು 75 ವ್ಯಾಟ್ ಬಳಸುವಲ್ಲಿ ಇವಕ್ಕೆ 30 ವ್ಯಾಟ್ ಆಸುಪಾಸು ಸಾಕು. ಇವುಗಳನ್ನು ಹಾಕುವಾಗ ಗೋಡೆಯ ಹಳೆಯ ರೆಗ್ಯುಲೇಟರನ್ನು ಸರ್ಕ್ಯೂಟಿನಿಂದ ತೆಗೆದುಬಿಡಬೇಕು.